ಹೊತ್ತು ಮುಳುಗುವುದರೊಳಗೆ ಮುಗಿದ ತನಿಖೆ

ಕೊರೋನಾ ಇಳಿದ ಮೇಲೆ, ಹೊರದೇಶಗಳ ನೆರವು ಜನರನ್ನು ಮುಟ್ಟಿತೇ ಎಂದು ನೋಡಲು ಒಂದು ತಂಡ ನಮ್ಮ ಕಡೆ ಬಂತು. ಅದು ಸರ್ಕಾರಕ್ಕೂ ಸೇರಿದ್ದಲ್ಲ, ನೆರವು ಕೊಟ್ಟವರಿಗೂ ಸೇರಿದ್ದಲ್ಲ. ಅದರಲ್ಲಿದ್ದ ವಿದೇಶಿ ವೈದ್ಯೆಗೆ ದುಭಾಷಿಯಾಗಿ, ಅಥಣಿಯ ನಿವೃತ್ತ ಇಂಗ್ಲಿಷ್ ಮಾಸ್ತರನಾದ ನಾನು ಹೋದೆ. ಕೊರಳಿಗೆ ಗುರುತಿನ ಚೀಟಿ ಬಿದ್ದದ್ದೇ ತಡ, ಯಾರ ಹಂಗೂ ಇಲ್ಲದ ಮನುಷ್ಯ ನಾನು ಎಂಬ ಬಿಗುಮಾನ ಬಂತು. ಹೆಂಡತಿಯ ಚಹಾವನ್ನೂ ಅನುಮಾನದಿಂದಲೇ ಕುಡಿದೆ.

ಕಾಗವಾಡದ ಕಡೆಯ ಒಂದು ಊರಿನ ದವಾಖಾನೆಯಲ್ಲಿ ಎಲ್ಲರೂ ಎಲ್ಲವನ್ನೂ ಹೊಗಳಿದರು. ಸಂಜೆಗೆ ಕೊನೆಯವಳಾಗಿ ಒಬ್ಬ ಆಶಾ ಕಾರ್ಯಕರ್ತೆ ಬಂದಳು. ಬೆಳಗಿನಿಂದ ಕಾದಿದ್ದಳಂತೆ. ಉಳಿದವರನ್ನು ಹೊರಗೆ ಕಳಿಸಿ ವೈದ್ಯೆ ಬಾಗಿಲು ಹಾಕಿಸಿದಳು.

ನಾನು ಕಿಟಕಿ ನೋಡುತ್ತಿದ್ದೆ. ನಮ್ಮದು ಜೈನರ ಮನೆತನ, ಹೊತ್ತು ಮುಳುಗಿದರೆ ತುತ್ತು ಮುಟ್ಟುವುದಿಲ್ಲ. ಅದೇ ಊರಿನ ಬೀಗರ ಮನೆಯಲ್ಲಿ ಶೇಂಗಾದ ಹೋಳಿಗೆ ಆಗಿತ್ತು. ಸೂರ್ಯ ಕಬ್ಬಿನ ಗರಿಗೆ ತಾಗಿದ್ದ.

"ಆಕ್ಸಿಜನ್ ಮಷಿನ್ ಬಂದಿತ್ರಿ, ಡಬ್ಬಿ ಒಡದಿರಲಿಲ್ಲ," ಎಂದಳು ಅವಳು. "ಸಾಹೇಬ್ರು ಬಂದು ಫೋಟೋ ತಗಸೂತನಕ ಮುಟ್ಟಬ್ಯಾಡ ಅಂದ್ರು. ನಮ್ಮಣ್ಣ ಉಸರ ಸಿಗದ ಇದ ಕಟ್ಟಿ ಮ್ಯಾಲ ಮಲಗಿದ್ನರಿ. ಕೀಲಿ ಕೊಡ್ರಿ ಅಂತ ಕಾಲ ಹಿಡಕೊಂಡೆ. ಮುಂಜಾನೆ ಹೋಗಿಬಿಟ್ಟ."

ಇನ್ನೂ ಬಹಳ ಹೇಳಿದಳು. ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ಸಾಲು: ಯಂತ್ರ ಬಳಕೆಗೆ ಬರಲು ತುಸು ತಡವಾಯಿತಂತೆ.

ವೈದ್ಯೆ ಹುಬ್ಬೇರಿಸಿದಳು. ಇಷ್ಟು ಹೊತ್ತು ಮಾತಾಡಿದ್ದು ಇಷ್ಟೇನಾ ಎಂದು ಕೇಳಿದಳು. ನಮ್ಮ ಜನ ಸುತ್ತಿ ಬಳಸಿ ಮಾತಾಡುತ್ತಾರೆ ಎಂದು ನಕ್ಕೆ. ಹೊರಗೆ ಬರುವಾಗ ಆ ಹೆಣ್ಣುಮಗಳು, "ಎಲ್ಲಾ ಹೇಳಿದ್ರಿಲ್ರಿ, ಸರ?" ಎಂದಳು. ಹೇಳಿದೆ ಎಂದೆ. ಆಮೇಲೆ ತುಪ್ಪ ಹಾಕಿಸಿಕೊಂಡು ಮೂರು ಹೋಳಿಗೆ ತಿಂದೆ. ರುಚಿಯಾಗಿಯೇ ಇದ್ದವು.

ಕೆಲವು ತಿಂಗಳ ಮೇಲೆ ವರದಿ ಮೊಬೈಲಿಗೆ ಬಂತು. ಮೊದಲು ಹುಡುಕಿದ್ದು ನನ್ನ ಹೆಸರನ್ನು. ಸ್ಥಳೀಯ ದುಭಾಷಿಗೆ ಧನ್ಯವಾದ ಎಂದಿತ್ತು, ಹೆಸರಿರಲಿಲ್ಲ, ಸಿಟ್ಟು ಬಂತು. ಆ ಊರಿನ ದವಾಖಾನೆಯ ಪುಟದಲ್ಲಿ ನನ್ನದೇ ಸಾಲು ಇತ್ತು. ತುಸು ತಡ. ಮುಂದೆ "ತೃಪ್ತಿಕರ". ಅವಳ ಅಣ್ಣ ಎಲ್ಲೂ ಇರಲಿಲ್ಲ. ಅಷ್ಟು ದೂರದಿಂದ ಬಂದ ತನಿಖೆಯನ್ನು ಹೋಳಿಗೆಯ ಆಸೆಗೆ ಕೆಡಿಸಿದವನು ನಾನೇ ಎಂದು ಆಗ ತಿಳಿಯಿತು. ನಾಚಿಕೆಯಾಯಿತು.

ಮರುದಿನ ಅವಳ ಮನೆಗೆ ಹೋಗಿ ಆ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಹೊತ್ತು ಮುಳುಗುವುದರೊಳಗೆ ಉಣ್ಣುವ ಅವಸರಕ್ಕೆ ನಿನ್ನ ಮಾತು ಮೊಟಕು ಮಾಡಿದೆ, ತಪ್ಪು ನನ್ನದು ಎಂದೆ. ನಾನು ನೋಟುಬುಕ್ಕು ತೆಗೆದೆ.

"ಮೊದಲಿಂದ ಹೇಳು ತಂಗಿ. ಒಂದಕ್ಷರ ಬಿಡದ ಬರದು ಆ ಡಾಕ್ಟರ್ ಅಮ್ಮಾರಿಗೆ ಕಳಸ್ತೀನಿ."

ಅವಳು ಬಾಗಿಲಿಗೆ ಬಂದು ಬಿಸಿಲು ಎಲ್ಲಿಗೆ ಬಂದಿದೆ ನೋಡಿದಳು.

"ಊಟಾ ಮಾಡಿ ಬಂದೀರೇನ್ರಿ, ಸರ?" ಎಂದಳು.