ಗಾಡಿ ಬಾಯಿ ಬಿಡದ ದಿನ

ಇಂಡಿ ಊರಿನ ಗುರಪ್ಪ ಸಾಹುಕಾರರ ಅಂಗಳದಲ್ಲಿ ದಿನಾ ಬೆಳಗ್ಗೆ ಕಾರಿನ ಬಾನೆಟ್ಟು ಕಿರ್ರೆಂದು ಮೇಲೇಳುತ್ತಿತ್ತು. ಅದರ ಹಿಂದೆಯೇ ತೊಟ್ಟಿಲಲ್ಲಿ ಮೊಮ್ಮಗಳು ಚನ್ನಿ ಅಳುತ್ತ ಏಳುತ್ತಿದ್ದಳು.

ಡ್ರೈವರ್ ಇಬ್ರಾಹಿಂಸಾಬರು ಮೊದಲು ಸ್ಟೇಷನ್ನಿಗೆ ಟಾಂಗಾ ಹೊಡೆದವರು. ಕುದುರೆ ಹೋಗಿ ಎಪ್ಪತ್ತೆರಡನೆಯ ಇಸವಿಯಲ್ಲಿ ಸಾಹುಕಾರರ ಅಂಬಾಸಿಡರ್ ಬಂದರೂ ಅವರ ಭಾಷೆ ಬದಲಾಗಲಿಲ್ಲ. ಬಾನೆಟ್ಟಿಗೆ ಅವರು ‘ಬಾಯಿ’ ಎನ್ನುತ್ತಿದ್ದರು, ಗಾಲಿಗೆ ‘ಗೊರಸು’. ನೀರು, ಎಂಜಿನ್ ಆಯಿಲ್, ಬ್ಯಾಟರಿ, ಬೆಲ್ಟು ಎಲ್ಲ ನೋಡಿ, ಗೊರಸುಗಳನ್ನು ಒಂದೊಂದಾಗಿ ಒದ್ದು, “ಹೂಂ, ಹೊಟ್ಟಿ ತುಂಬೇತಿ” ಎಂದಮೇಲೆಯೇ ಚಾವಿ ತಿರುಗುತ್ತಿತ್ತು.

ಸೊಸೆ ಪ್ರಮೀಳಾ ಹುಬ್ಬಳ್ಳಿಯಲ್ಲಿ ಕಾಲೇಜು ಓದಿದವಳು. ಚೊಚ್ಚಲ ಕೂಸಿನ ತಾಯಿ. ಸಿಂದಗಿಗೆ ಹೊರಟರೂ ಅಗರಖೇಡದ ಹೊಲಕ್ಕೆ ಹೊರಟರೂ ಅವಳು ಕೇಳದೆ ಕಾರು ಹತ್ತುತ್ತಿರಲಿಲ್ಲ.

“ಕಾಕಾ, ನೀರ ನೋಡೀರಿಲ್ಲ? ಬ್ರೇಕ್?”

“ನೋಡೇನ್ರಿ ಸಣ್ಣವ್ವಾರ. ಬೇಕಂದ್ರ ಗಾಡಿ ಕಡಿಂದ ಆಣಿ ಮಾಡಸ್ತೇನಿ.”

ಒಂದು ಸಲ ಅವಳು, “ನಿಮ್ಮ ಗಾಡಿ ಬಾಯಿ ಸಪ್ಪಳಕ್ಕ ನಮ್ಮ ಕೂಸು ಬೆದರತೈತಿ ಕಾಕಾ” ಎಂದಳು. ಮುದುಕ ತಲೆಯಾಡಿಸಿದರು. ಮರುದಿನದಿಂದ ಸಪ್ಪಳ ನಿಂತಿತು. ಹೇಗೆ ನಿಂತಿತೆಂದು ಅವಳು ಕೇಳಲಿಲ್ಲ.

ದಸರೆಯ ನಂತರ ಒಂದು ಮುಂಜಾನೆ ಚನ್ನಿ ಕಡಲೆಕಾಳೊಂದನ್ನು ಮೂಗಿನೊಳಗೆ ತೂರಿಸಿಕೊಂಡಳು. ಬೆರಳು ಹಾಕಿದರೆ ಇನ್ನೂ ಒಳಗೆ ಹೋಯಿತು. ನೀರಿನಲ್ಲಿಟ್ಟ ಕಡಲೆ ಎಷ್ಟು ಉಬ್ಬುತ್ತದೆಂದು ಪ್ರಮೀಳಾಳಿಗೆ ಗೊತ್ತಿತ್ತು. ಕಿವಿ-ಮೂಗಿನ ಡಾಕ್ಟರು ಇದ್ದುದು ವಿಜಾಪುರದಲ್ಲಿ, ಅವರು ದವಾಖಾನೆಯಲ್ಲಿ ಇರುತ್ತಿದ್ದುದು ಮಧ್ಯಾಹ್ನದವರೆಗೆ ಮಾತ್ರ. ಕೂಸನ್ನು ಎತ್ತಿಕೊಂಡು ಅವಳು ಅಂಗಳಕ್ಕೆ ಓಡಿದಳು.

ಇಬ್ರಾಹಿಂಸಾಬರು ಕಾರಿನೊಳಗೆ ಬಾನೆಟ್ಟಿನ ಕೊಂಡಿ ಬಿಡಿಸುವ ಗುಂಡಿ ಜಗ್ಗುತ್ತಿದ್ದರು, ಹೊರಗೆ ಬಂದು ಬಾನೆಟ್ಟು ಎತ್ತುತ್ತಿದ್ದರು. ಅದು ಅಲುಗಲಿಲ್ಲ.

“ಬಾಯಿ ಬಿಡವಲ್ದು.”

“ಇರಲಿ, ಹಂಗ ಹೊಡೀರಿ ಕಾಕಾ.”

“ನೀರ ನೋಡಿಲ್ರಿ.”

“ನಿನ್ನೆ ನೋಡೀರಲ್ಲ?”

“ನಿನ್ನಿ ಕುಡದದ್ದು ಇವತ್ತಿಗಿ ಇರತೈತೇನು? ನಡು ದಾರ್ಯಾಗ ಹೊಗಿ ಎದ್ರ ಕೂಸಿನ್ನ ಬಿಸಲಾಗ ನಿಂದರಸಲೇನ್ರಿ? ದಿನಾ ಕೇಳಾಕಿ ನೀವ, ಇವತ್ತ ಬ್ಯಾಡ ಅನ್ನಾಕಿನೂ ನೀವ.”

ಪ್ರಮೀಳಾಳಿಗೆ ಅಳು ಬಂತು. ಕಾರಿನ ಮೂತಿಯ ಮೇಲೆ ಕೈಯಿಟ್ಟು ನಿಂತಳು. ಬಾನೆಟ್ಟಿನ ಸಂದಿಗೆ ತಾಗಿದ ಬೆರಳು ಅಲ್ಲಿಯೇ ಅಂಟಿತು. ಆ ಅಂಟು ಅವಳಿಗೆ ಪರಿಚಯದ್ದು. ಅಡುಗೆಮನೆಯ ಎಣ್ಣೆ ಬುಡ್ಡಿಯ ಹೊರಮೈ ಮುಟ್ಟಿದಂತೆಯೇ ಇತ್ತು.

“ಕಾಕಾ, ಇದಕ್ಕ ಏನ ಹಚ್ಚೀರಿ?”

ಮುದುಕ ನೆಲ ನೋಡಿದರು. “ಕುಸಬಿ ಎಣ್ಣಿ. ಬಾಯಿ ಹಿಂದಿನ ಬಿಜಾಗರಿಗೂ ಮುಂದಿನ ಕೊಂಡಿಗೂ ದಿನಾ ಒಂದೀಟು. ಕೂಸು ಬೆದರತೈತಿ ಅಂದಿದ್ರಲ್ಲ.”

ಬಾಗಿಲಲ್ಲಿ ನಿಂತಿದ್ದ ಅತ್ತೆ ಕಸ್ತೂರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಮೊಣಕಾಲಿಗೆ ತಿಕ್ಕೋತೇನಿ ಅಂತ ನನ್ನ ಕಡೆ ಇಸಗೊಂಡಿದ್ದಿಲ್ಲೋ ಇಬ್ರಾಹಿಂ?”

“ಮೊಣಕಾಲಿಗೇರಿ ದೊಡ್ಡವ್ವಾರ. ಗಾಡೀದು.”

ಪ್ರಮೀಳಾ ಆಗಲೇ ಒಳಗೆ ಓಡಿದ್ದಳು. ಕುಸುಬೆ ಎಣ್ಣೆ ಗಾಳಿಗೆ ಬಿಟ್ಟರೆ ಒಣಗಿ ಗೋಂದಾಗುತ್ತದೆ. ಬಾಣಲೆಯ ಅಂಚಿಗೆ ಹತ್ತಿದ್ದನ್ನು ಅವಳೇ ಎಷ್ಟೋ ಸಲ ದೀಪಕ್ಕೆ ಹಾಕುವ ಚಿಮಣಿ ಎಣ್ಣೆ ಹಾಕಿ ತಿಕ್ಕಿದ್ದಳು. ಇಲ್ಲಿ ಅದರ ಮೇಲೆ ಎರೆಮಣ್ಣಿನ ಧೂಳೂ ಕೂತಿತ್ತು. ಚಿಮಣಿ ಎಣ್ಣೆಯ ಡಬ್ಬಿ ತಂದುಕೊಟ್ಟಳು. ಇಬ್ರಾಹಿಂಸಾಬರು ಕಡ್ಡಿಗೆ ಅರಿವೆ ಸುತ್ತಿ, ಅದ್ದಿ, ಸಂದಿಯೊಳಗೆ ಕೊಂಡಿಯ ಮೇಲೆ ಇಳಿಸುತ್ತ ಹೋದರು.

“ನೀವು ಒಳಗ ಕುಂತು ಗುಂಡಿ ಜಗ್ರಿ. ನಾ ಮ್ಯಾಲಿಂದ ಒತ್ತತೇನಿ.”

ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಜಗ್ಗಿದಳು. ಮುದುಕ ಎರಡೂ ಅಂಗೈ ಊರಿ ಒತ್ತಿ, ಬಿಟ್ಟು, ಮತ್ತೆ ಒತ್ತಿದರು. ಕೊನೆಗೆ ಖಟ್ ಎಂದಿತು. ಬಾನೆಟ್ಟು ಬಾಯಿ ಬಿಟ್ಟಿತು.

“ಶಾಬಾಸ್, ಸಣ್ಣವ್ವಾರ” ಎನ್ನುತ್ತ ಅವರು ಕಿಟಕಿಯೊಳಗೆ ತಲೆ ತೂರಿಸಿದರು. ಚಿಮಣಿ ಎಣ್ಣೆಯ ಅರಿವೆ ಕೈಯಲ್ಲೇ ಇತ್ತು. ಆ ಘಾಟಿಗೆ ಚನ್ನಿ ಮುಖ ಸೊಟ್ಟ ಮಾಡಿ, ತಡೆದು, ಮೈಯೆಲ್ಲ ನಡುಗುವಂತೆ ಸೀನಿದಳು. ಸ್ಟೇರಿಂಗಿಗೆ ಏನೋ ಟಣ್ಣೆಂದು ಬಡಿದು ಕೆಳಗೆ ಉರುಳಿತು.

ಕಡಲೆಕಾಳು.

ಮೊದಲು ನಕ್ಕವರು ಕಸ್ತೂರೆವ್ವ. ಪ್ರಮೀಳಾ ಅಳುತ್ತಲೇ ನಕ್ಕಳು. ಇಬ್ರಾಹಿಂಸಾಬರು ಕಾಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಇನ್ನಾ ಉಬ್ಬಿಲ್ಲ” ಎಂದು ಅವಳ ಅಂಗೈಯಲ್ಲಿಟ್ಟರು. ಆಮೇಲೆ ಏನೂ ಆಗಿಲ್ಲವೆಂಬಂತೆ ಹೋಗಿ ನೀರು ನೋಡಿದರು, ಆಯಿಲ್ ನೋಡಿದರು, ಬೆಲ್ಟು ಒತ್ತಿದರು.

“ಎಲ್ಲಾ ಭರ್ತಿ ಐತಿ.”

“ಅಂದ್ರ ಆಗಲೇ ಹೋಗಬಹುದಿತ್ತಲ್ಲ ಕಾಕಾ?”

“ಹೋಗಬಹುದಿತ್ತು. ಆದ್ರ ನೋಡದ ಹೆಂಗ ಗೊತ್ತಾಗಬೇಕ್ರಿ?”

ಅವಳು ಕಣ್ಣೊರೆಸಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಕೂಸನ್ನು ಭದ್ರವಾಗಿ ಅಪ್ಪಿಕೊಂಡಳು. “ನಡೀರಿ, ವಿಜಾಪುರಕ್ಕ.”

“ಕಾಳು ಹೊರಗ ಬಂತಲ್ಲೇ ಹುಚ್ಚಿ” ಎಂದರು ಅತ್ತೆ.

“ಇನ್ನೊಂದು ಇದ್ರ? ನೋಡದ ಹೆಂಗ ಗೊತ್ತಾಗಬೇಕ್ರಿ ಅತ್ತಿ?”

ಇಬ್ರಾಹಿಂಸಾಬರು ನಗಲಿಲ್ಲ. ಬಾನೆಟ್ಟು ಮುಚ್ಚಿ, ಗೊರಸುಗಳನ್ನು ಒದ್ದು ಬಂದು ಚಾವಿ ತಿರುಗಿಸಿದರು.

“ಖರೇ ಅಂದ್ರಿ. ಹೋಗೂದು ಹೊಂಟೇವಿ, ಡಾಕ್ಟರಿಗಿ ಬಾಯೀನೂ ತೋರಿಸೇ ಬಿಡ್ರಿ. ಕೂಸಿಂದು.”