ಮದುಮಗಳ ಬ್ಲೌಸ್ ಕಾಮಸಮುದ್ರಕ್ಕೆ ಹೋದಾಗ

ಮದುಮಗಳ ಬ್ಲೌಸ್ ಇರಬೇಕಾದ ಹಳದಿ ಚೀಲದಲ್ಲಿ ಹಸುವಿಗೆ ತಿನ್ನಿಸುವ ಮಿನರಲ್ ಪುಡಿ ಇದ್ದರೆ ನೀವೇನು ಮಾಡುತ್ತೀರಿ?

ನಮ್ಮಕ್ಕ ಚೀಲದೊಳಗೆ ಮತ್ತೆ ಮತ್ತೆ ಕೈ ಹಾಕಿ ಹುಡುಕಿದಳು. ಮರುದಿನ ಬೆಳಿಗ್ಗೆ ಬಂಗಾರಪೇಟೆಯ ಛತ್ರದಲ್ಲಿ ಅವಳ ಮಗಳು ರಮ್ಯಾಳ ಮುಹೂರ್ತ. ಸೀರೆ ಇದೆ, ಒಡವೆ ಇದೆ. ಬ್ಲೌಸ್ ಇಲ್ಲ!

ಹೊಲಿದವಳು ಕೆಜಿಎಫ್‌ನ ನಂದಿದುರ್ಗದ ಸೆಲ್ವಿ. ಹಳೇ ಗಣಿ ಕಾರ್ಮಿಕರ ಲೈನಿನ ಪುಟ್ಟ ಮನೆಯಲ್ಲೇ ಮೆಷಿನ್. ಬೋರ್ಡಿಲ್ಲ, ಶೋರೂಮಿಲ್ಲ. ರೀಲ್ಸ್ ಮತ್ತು ಸ್ಟೇಟಸ್, ಇಷ್ಟೇ ಅವಳ ಅಂಗಡಿ. ರಮ್ಯಾ ಆರ್ಡರ್ ಕೊಟ್ಟಿದ್ದೂ ರೀಲ್ಸ್ ನೋಡಿಯೇ. (“ಮುಖಾನೇ ನೋಡಿಲ್ಲ, ಅವಳ ಕೈಗೆ ಮದುವೆ ಬಟ್ಟೆ ಕೊಡ್ತಾರೇನೇ?” ಎಂದು ಅಕ್ಕ ಆಗಲೇ ಗೊಣಗಿದ್ದಳು.)

ನಾನು ಫೋನ್ ಮಾಡಿದೆ.

“ಅಯ್ಯೋ ಕಡವುಳೇ!” ಎಂದಳು ಸೆಲ್ವಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ. “ಅಳದಿ ಚೀಲದಲ್ಲಾಕಿ ನಾನೇ ಬಸ್ ಕಂಡಕ್ಟರ್ ಕೈಗೆ ಕೊಟ್ಟೆ ಅಕ್ಕಾ. ಅಲ್ಲಿ ಇನ್ನೊಂದು ಅಳದಿ ಚೀಲ ಇತ್ತು. ಬದಲಾಗೋಗದೆ. ಮದುವೆ ಪೊಣ್ಣು ಅಳಬಾರ್ದು ಅಂತ ಏಳಿ, ನಾನು ನೋಡ್ತೀನಿ.”

ನೋಡಿದ್ದು ಹೇಗೆ ಗೊತ್ತೇ? ಆ ಬ್ಲೌಸಿನ ಫೋಟೋ ಸ್ಟೇಟಸ್‌ಗೆ ಹಾಕಿದಳು. “ಇದು ನಿಮ್ಮ ಮನೆಗೆ ಬಂದಿದೆಯಾ? ನಾಳೆ ಮದುವೆ ಆಗುವ ಹುಡುಗಿಯದು. ನಿಮ್ಮ ಹಸುವಿನ ಪುಡಿ ನಮ್ಮ ಹತ್ತಿರ ಭದ್ರವಾಗಿದೆ.” ಹಾಕಿದವಳೇ, ಯಾವುದಕ್ಕೂ ಇರಲಿ ಎಂದು ಉಳಿದ ಬಟ್ಟೆಯಲ್ಲಿ ಇನ್ನೊಂದು ಬ್ಲೌಸ್ ಕತ್ತರಿಸಲು ಕೂತಳು.

ಮಾಮೂಲಿ ದಿನಗಳಲ್ಲಿ ‘ಪ್ರೈಸ್ ಪ್ಲೀಸ್’ ಎಂದು ಬರೆದು ಮಾಯವಾಗುವ ಗಿರಾಕಿಗಳೆಲ್ಲ ಅವತ್ತು ಶೇರ್ ಮಾಡಿದರು. ಬೇತಮಂಗಲದವಳೊಬ್ಬಳು ದಿನಾ ಬಸ್ಸಿನಲ್ಲಿ ಓಡಾಡುವವರ ಗ್ರೂಪಿಗೆ ಹಾಕಿದಳು. ಫ್ಯಾಕ್ಟರಿ ಕ್ವಾರ್ಟರ್ಸಿನ ಧಾರವಾಡದ ಹೆಂಗಸು ಸೆಲ್ವಿಯಿಂದ ನಂಬರ್ ಪಡೆದು ನಮಗೇ ಫೋನ್ ಮಾಡಿದರು: “ನನ್ನ ಮದುವಿ ಬ್ಲೌಸ್ ಇದೇ ಬಣ್ಣದ್ದೈತ್ರಿ. ಬೇಕಂದ್ರ ಈಗ ಕಳಸ್ತೀನಿ.”

ಯಾರು ಇವರೆಲ್ಲ? ನಮಗೇನಾಗಬೇಕು?

ಅಷ್ಟರಲ್ಲಿ ಸೆಲ್ವಿಯ ಫೋನ್. “ಸಿಕ್ತು ಅಕ್ಕಾ!” ಕಾಮಸಮುದ್ರದಲ್ಲಿ ಹಸು ಸಾಕಿರುವ ವೆಂಕಟಮ್ಮನ ಮನೆಗೆ ಹೋಗಿದೆ. ಪುಡಿ ಎಂದು ಚೀಲ ಬಿಚ್ಚಿದರೆ ಜರಿ ಬ್ಲೌಸು! ಕಕ್ಕಾಬಿಕ್ಕಿಯಾಗಿದ್ದಾಗಲೇ ಸೊಸೆಯ ಮೊಬೈಲಿಗೆ ಯಾರೋ ಶೇರ್ ಮಾಡಿದ ಆ ಸ್ಟೇಟಸ್ ಬಂದಿದೆ.

ಮಧ್ಯಾಹ್ನದ ಬಸ್ಸಿಗೆ ವೆಂಕಟಮ್ಮ ತಾವೇ ನಮ್ಮ ಮನೆಗೆ ಬಂದರು, ಚೀಲವನ್ನು ಎದೆಗವಚಿಕೊಂಡು.

“ಯಾರ ಕೈಲಾದರೂ ಕಳಿಸಿದ್ರೆ ಆಗ್ತಿತ್ತಲ್ಲಮ್ಮಾ,” ಎಂದೆ.

“ಲಗ್ನದ ಬಟ್ಟೆ ಕಣಮ್ಮ. ಇನ್ನೊಂದು ಕಿತ ಎಲ್ಲಾದ್ರೂ ಬದಲಾಗೋದ್ರೆ?” ಎಂದರು.

ರಮ್ಯಾ ತೊಟ್ಟುಕೊಂಡು ಹೊರಗೆ ಬಂದಳು. ಅಳತೆ ಅಚ್ಚುಕಟ್ಟು. ಅಕ್ಕ ವೆಂಕಟಮ್ಮನ ಕೈ ಹಿಡಿದುಕೊಂಡು ಊಟಕ್ಕೆ ಕರೆದಳು. “ಅಸು ಆಲು ಕರೆಯೋ ಒತ್ತಾಗ್ತದೆ, ಬತ್ತೀನಿ” ಎಂದು ಪುಡಿ ಎತ್ತಿಕೊಂಡ ಆಕೆ ಬಾಗಿಲಲ್ಲಿ ನಿಂತರು. “ಆ ಒಲಿಯೋ ಉಡುಗಿ ನಂಬರ್ ಕೊಡ್ರಮ್ಮ. ನಂಗೂ ಒಂದು ಬ್ಲೌಸ್ ಒಲ್ಸಬೇಕು.”

ಮೊಬೈಲು ಮನುಷ್ಯರನ್ನು ಕೆಡಿಸಿತು ಎಂದು ನಾವೆಲ್ಲ ಭಾಷಣ ಮಾಡುತ್ತೇವೆ. ಕಾಮೆಂಟುಗಳಲ್ಲಿ ಗುರುತಿಲ್ಲದವರು ಕಚ್ಚಾಡುವುದನ್ನು ನೋಡಿದರೆ ಸುಳ್ಳೂ ಅಲ್ಲ. ಆದರೆ ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಹೀಗಾಗಿದ್ದರೆ? ‘ನಿಮ್ಮ ಕರೆ ನಮಗೆ ಅಮೂಲ್ಯ’ ಎನ್ನುವ ಯಂತ್ರದ ಜೊತೆ ಮುಹೂರ್ತ ಮೀರುವವರೆಗೂ ಮಾತಾಡುತ್ತಿದ್ದೆವು. ಸೆಲ್ವಿಯ ಫಾಲೋವರ್ಸ್ ಬರೀ ಗಿರಾಕಿಗಳಲ್ಲ, ಒಂದು ಊರು. ಆ ಊರನ್ನು ಅವಳು ಒಂದೊಂದೇ ಹೊಲಿಗೆ ಹಾಕಿ ಕಟ್ಟಿದ್ದಾಳೆ.

ಮದುವೆ ಮುಗಿದ ಮೇಲೆ ಅಕ್ಕ ನನ್ನಿಂದ ಸ್ಟೇಟಸ್ ಹಾಕುವುದನ್ನು ಕಲಿತಳು. ಮೊದಲ ಫೋಟೋದಲ್ಲಿ ಅಳಿಯನ ಅರ್ಧ ಮುಖ ಕಟ್ಟಾಗಿದೆ, ಬ್ಲೌಸ್ ಮಾತ್ರ ಪೂರ್ತಿ ಇದೆ, ಕೆಳಗೆ ಸೆಲ್ವಿಯ ನಂಬರ್. ಇಂಥ ಜಾಹೀರಾತು ದುಡ್ಡು ಕೊಟ್ಟರೆ ಸಿಗುತ್ತದೆಯೇ?