ಮೆಟ್ಟಿಲ ಪಕ್ಕದ ಕಂಬ

ಅವನನ್ನು ಎಲ್ಲರೂ ಟಕಟಕ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗೋಡೆ ಕಂಡರೆ ಸಾಕು, ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಡುವ ಚಾಳಿ. ಮಾವನ ಮನೆಗೆ ಮೊದಲ ಸಲ ಹೋದಾಗಲೂ ಗೋಡೆ ಬಡಿದು, "ಇಲ್ಲಿ ಪೊಳ್ಳಿದೆ" ಎಂದಿದ್ದನಂತೆ. "ಆಗ ನನ್ನ ತಲೇನೂ ಬಡಿದು ನೋಡ್ಬೇಕಿತ್ತು. ನಿಮ್ಮನ್ನ ಒಪ್ಪಿದ ತಲೆ, ಪೊಳ್ಳಲ್ದೆ ಇನ್ನೇನು?" ಎಂದು ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ.

ಕೋಪವೋ, ಮೂಗಿನ ತುದಿಯಲ್ಲೇ. ಅಳತೆ ಒಂದು ನೂಲಿನಷ್ಟು ಹೆಚ್ಚುಕಮ್ಮಿಯಾದರೂ ಕರಣೆ ಬಿಸಾಡಿ ಹೊರಟುಬಿಡುವವನು. ಆ ಕೋಪವೇ ಶಾಲೆಯ ಹೊಸ ಕಟ್ಟಡದಲ್ಲಿ ಅವನ ಕೊರಳಿಗೆ ಸುತ್ತಿಕೊಂಡಿತು.

ಶನಿವಾರ ಮಧ್ಯಾಹ್ನ. ಸೋಮವಾರ ಮುನ್ನೂರು ಮಕ್ಕಳು ಬರುವವರಿದ್ದರು. ಹೆಡ್‌ಮೇಡಂ ಮೇಲಿನ ಮಹಡಿಯಲ್ಲಿ ಮಕ್ಕಳೊಂದಿಗೆ ಬಂದಿದ್ದ ಹತ್ತಾರು ತಾಯಿತಂದೆಯರಿಗೆ ಕೋಣೆ ತೋರಿಸುತ್ತಿದ್ದರು. ಕೆಳಗೆ ಮೇಸ್ತ್ರಿ ಕೊನೆಯ ಸುತ್ತು ಬರುತ್ತಾ ಹನ್ನೆರಡು ಕಂಬಗಳನ್ನೂ ಬಡಿಯುತ್ತಿದ್ದ. ಟಕ್. ಟಕ್. ಮೆಟ್ಟಿಲ ಪಕ್ಕದ ಕಂಬದ ಬುಡ ಮಾತ್ರ ಡಬ್ ಎಂದಿತು.

ಇನ್ನೊಮ್ಮೆ ಬಡಿದ. ಡಬ್.

"ಮೇಲಿನ ಗಾರೆ ಬಿಟ್ಟಿರ್ಬೇಕು ಭಾವ," ಎಂದ ಹಿಂದಿನಿಂದ ಭಾವಮೈದ. ಹೆಂಡತಿಯ ತಮ್ಮ, ಇವನ ಕೈಕೆಳಗೇ ಕೆಲಸ ಕಲಿತವನು.

"ನಾನಿನ್ನೂ ಕೇಳೇ ಇಲ್ವಲ್ಲೋ. ಕುಂಬಳಕಾಯಿ ಕಳ್ಳ ಅನ್ನೋಕ್ಮುಂಚೇನೇ ಹೆಗಲು ಮುಟ್ಕೋತೀಯಾ?"

ಭಾವಮೈದನ ಮುಖ ಬಿಳಿಚಿತು. "ಅವತ್ತು ನೀವು ರೇಗಿ ಹೋದ್ರಲ್ಲ... ಕಾಂಕ್ರೀಟ್ ಗಟ್ಟಿಯಾಗ್ತಾ ಇತ್ತು. ಸಲೀಸಾಗಿ ಇಳೀಲಿ ಅಂತ ಎರಡು ಬಕೆಟ್ ನೀರು ಸುರಿದೆ. ಹಲಗೆ ಬಿಚ್ಚಿದ್ರೆ ಬುಡದಲ್ಲಿ ಬರೀ ಜಲ್ಲಿ. ನಿಮಗೆ ಹೆದ್ರಿ ಗಾರೆ ಬಳಿದ್ಬಿಟ್ಟೆ."

ಅವತ್ತು ಮೇಸ್ತ್ರಿ ರೇಗಿದ್ದು ಯಾತಕ್ಕೆ? ಕಂಬ ನೆಟ್ಟಗಿದೆಯೇ ಎಂದು ನೋಡುವ ತನ್ನ ತೂಕದ ಗುಂಡಿನ ದಾರದಲ್ಲಿ ಭಾವಮೈದ ಊಟದ ಡಬ್ಬಿ ಕಟ್ಟಿದ್ದನೆಂದು! ಅಷ್ಟಕ್ಕೇ ಕಂಬದ ಬುಡ ತುಂಬುತ್ತಿರುವಾಗಲೇ ಮನೆಗೆ ಹೋಗಿ ಮುಸುಕೆಳೆದು ಮಲಗಿದ್ದ.

"ರಜೇಲಿ ಸದ್ದಿಲ್ದೆ ಸರಿಮಾಡೋಣ ಭಾವ. ಈಗ ಬಾಯಿಬಿಟ್ರೆ ನಮ್ಮಿಬ್ರನ್ನೂ ಯಾರೂ ಕೆಲಸಕ್ಕೆ ಕರಿಯಲ್ಲ. ಅಕ್ಕನ ಮುಖ ನೋಡಿ."

ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ? ಅಷ್ಟರಲ್ಲಿ ನೆತ್ತಿಯ ಮೇಲೆ ಧಬಧಬ ಸದ್ದು. ಯಾವುದೋ ಮಗು ಹೊಸ ನೆಲದ ಮೇಲೆ ಕುಣಿಯುತ್ತಿತ್ತು. ಸರಿಯಾಗಿ ಆ ಕಂಬದ ಮೇಲೆ.

"ಎಲ್ರೂ ಕೆಳಗಿಳೀರಿ!" ಮೇಸ್ತ್ರಿಯ ಕೂಗಿಗೆ ಕಟ್ಟಡವೇ ಮೊಳಗಿತು. "ಓಡ್ಬೇಡಿ! ಆ ಕಡೆ ಮೆಟ್ಟಿಲಿಂದ, ಒಬ್ಬೊಬ್ರೇ!" ಭಾವಮೈದನ ಕಡೆ ತಿರುಗಿ, "ನೋಡ್ತಾ ನಿಂತ್ಯಾ? ಜಾಕ್ ತಗೊಂಬಾ!"

ಕೊನೆಯ ಮಗು ಅಂಗಳ ಮುಟ್ಟುವವರೆಗೂ ಅವನು ಉಸಿರಾಡಿದನೋ ಇಲ್ಲವೋ. ತೊಲೆಯ ಕೆಳಗೆ ಎರಡೂ ಕಡೆ ಕಬ್ಬಿಣದ ಜಾಕ್ ಬಿಗಿದ ಮೇಲೆ ಕಂಬದ ಬುಡಕ್ಕೆ ಉಳಿ ಇಟ್ಟ. ನಾಲ್ಕೇ ಏಟು. ಹೊರಗೆ ಥಳುಕು, ಒಳಗೆ ಹುಳುಕು. ಹರಿದ ಚೀಲದಿಂದ ಕಾಳು ಸುರಿದಂತೆ ಜಲ್ಲಿ ಉದುರಿತು. ಕಂಬಿ ಬರಿಮೈಯಲ್ಲಿ ನಿಂತಿತ್ತು.

"ಯಾರ ಕೆಲಸ ಇದು?" ಹೆಡ್‌ಮೇಡಂ ಜಲ್ಲಿಯತ್ತ ಬೆರಳು ತೋರಿಸಿದರು.

"ನಂದು. ಅರ್ಧಕ್ಕೆ ಬಿಟ್ಟು ಹೋದವನು ನಾನು."

"ನೀರು ಸುರಿದು ಮುಚ್ಚಿಟ್ಟವನು ನಾನು ಮೇಡಂ," ಎಂದ ಭಾವಮೈದ, ತಲೆ ಎತ್ತದೆ.

ಮಗುವನ್ನು ಎತ್ತಿಕೊಂಡಿದ್ದ ತಂದೆಯೊಬ್ಬ ಮುಂದೆ ಬಂದ. "ಒಂದು ಹಿಂಗಿದ್ರೆ ಮಿಕ್ಕ ಹನ್ನೊಂದನ್ನ ಹೆಂಗ್ರೀ ನಂಬೋದು?"

ಮೇಸ್ತ್ರಿ ಸುತ್ತಿಗೆಯನ್ನೇ ಅವನ ಮುಂದೆ ಹಿಡಿದ. "ನಂಬಬೇಡಿ. ಇಂಜಿನಿಯರನ್ನೂ ಕರೆಸಿ. ಅಲ್ಲೀವರೆಗೆ ನೀವೇ ಬಡಿದು ಕೇಳಿ."

ತಂದೆ ಬಡಿದ. ಕಂಬದಿಂದ ಕಂಬಕ್ಕೆ ಎಲ್ಲರೂ ಹಿಂದೆಯೇ ನಡೆದರು. ಹನ್ನೊಂದು ಸಲವೂ ಟಕ್. ಆದರೂ ಯಾರ ಮುಖವೂ ಸಡಿಲಾಗಲಿಲ್ಲ. "ಸೋಮವಾರ ಮಕ್ಕಳು ಬರಲ್ಲ," ಎಂದು ಹೆಡ್‌ಮೇಡಂ ಬಾಗಿಲಿಗೆ ಬೀಗ ಹಾಕಿಸಿದರು.

ಇಂಜಿನಿಯರ್ ಎಲ್ಲ ಕಂಬ ಪರೀಕ್ಷೆ ಮಾಡಿ, ಮೆಟ್ಟಿಲ ಪಕ್ಕದ್ದನ್ನು ಒಡೆದು ಹೊಸದಾಗಿ ಕಟ್ಟಲು ಹೇಳುವ ಹೊತ್ತಿಗೆ ಹತ್ತು ದಿನ ಕಳೆದಿತ್ತು. ಕೂಲಿಯಿಲ್ಲದ ಕೆಲಸ. ತಾಯಿತಂದೆಯರು ಗೇಟಿನಾಚೆ ನಿಂತು ನೋಡುತ್ತಿದ್ದರು. ಮೇಸ್ತ್ರಿ ಜೇಬಿನಿಂದ ತೂಕದ ಗುಂಡು ತೆಗೆದು ಭಾವಮೈದನ ಕೈಗಿಟ್ಟ.

"ಡಬ್ಬಿ ಕಟ್ಟಿದ್ರೆ ಕೈ ಮುರೀತೀನಿ," ಎಂದ. "ಆದ್ರೆ ಕಂಬ ತುಂಬೋ ತನಕ ನಾನೆಲ್ಲೂ ಹೋಗಲ್ಲ."